ತುಳಸಿಗೆ ನೀರು ಹಾಕಿ ಬಾ

ಜಯನಗರ 7ನೇ ಬ್ಲಾಕ್, ಬೆಂಗಳೂರು
ಸೋಮವಾರ, 17 ನವೆಂಬರ್ 2025

ಪ್ರೀತಿಯ ಅಕ್ಕಾ,

ಕಾಲು ಮುಟ್ಟಿ ನಮಸ್ಕಾರ ಮಾಡಿದೆ ಎಂದುಕೊಂಡು ಮುಂದೆ ಓದು. ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಈ ಸಲ ಚಳಿ ಬೇಗ ಬಂದಿದೆ ಎಂದು ಸುರಭಿ ತಿಳಿಸಿದ್ದಳು. ಬೆಳಿಗ್ಗೆ ಎದ್ದವಳೇ ತಣ್ಣೀರಿನಲ್ಲಿ ಬಾಗಿಲು ತೊಳೆಯಲು ಹೋಗಬೇಡ. ಹೇಳಿದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ಹೊಸ ಕಿವಿ ಮಿಷನ್ನು ಇನ್ನೂ ಡಬ್ಬಿಯಲ್ಲೇ ಇದೆಯಂತೆ. ಹಾಕಿಕೋ ಎಂದು ನಾನು ಉಪದೇಶ ಮಾಡುವುದಿಲ್ಲ. ಕಿವಿಯ ವಿಷಯದಲ್ಲಿ ನಿನಗೆ ಬುದ್ಧಿ ಹೇಳಿ ಒಂದು ಸಲ ಸಾಕಾಗಿದೆ. ಇಲ್ಲಿ ನಮ್ಮ ಮನೆಯಾಕೆ ವನಿತಾಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಹತೋಟಿಯಲ್ಲಿಲ್ಲ. ನನಗೆ ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ. ಎದೆಯೊಳಗೆ ಯಾರೋ ಓಡಾಡಿದ ಹಾಗಾಗುತ್ತದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ, ಗಾಬರಿಯಾಗಬೇಡ. ಕಾರಣ ಬರೆಯುತ್ತೇನೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ವಾಟ್ಸಾಪ್ ಮಾಡಿದರೆ ಸುರಭಿ ಮೊದಲು ಓದಿ, ತನಗೆ ಸರಿ ಕಂಡಷ್ಟನ್ನು ಮಾತ್ರ ನಿನಗೆ ತೋರಿಸುತ್ತಾಳೆ. ನಿನ್ನ ಮಗಳಿಗೆ ಈ ಮಾವನ ಮೇಲೆ ಎಂಥ ಅಭಿಪ್ರಾಯವಿದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದ್ದರಿಂದ ನಿನ್ನ ಕೈಗೇ ಕೊಡಬೇಕು ಎಂದು ಮಹಾಂತೇಶನಿಗೆ ಹೇಳಿ ಬುಧವಾರ ಬೆಳಿಗ್ಗೆ ಕಳಿಸುತ್ತಿದ್ದೇನೆ. ಅವನು ಇಲ್ಲಿಯ ಒಂದು ಸ್ಟುಡಿಯೋದ ಡ್ರೈವರು, ಧಾರವಾಡದ ಕಡೆಯವನು, ಗಾಡಿ ನಿಧಾನ, ಮಾತು ಜೋರು. ಕಾಗದದ ಜೊತೆ ನಿನ್ನ ಗಿಟಾರೂ ಬರುತ್ತದೆ. ಮಂಚದ ಕೆಳಗೆ ಬಿಟ್ಟುಹೋದೆಯಲ್ಲ, ಅದೇ. ಧೂಳು ಒರೆಸಿ ಹೊಸ ತಂತಿ ಕಟ್ಟಿಸಿದ್ದೇನೆ, ಆರೂ ತಂತಿ ಸಡಿಲವಾಗಿಯೇ ಇವೆ. ನೀನು ಅದಕ್ಕೆ ಅಪ್ಪನ ಶ್ರುತಿ ಕೂಡಿಸಿ ಅದೇ ಕಾರಿನಲ್ಲಿ ವಾಪಸ್ಸು ಕಳಿಸಬೇಕು. ಗುರುವಾರ ಬೆಳಿಗ್ಗೆ ಹತ್ತಕ್ಕೆ ರೆಕಾರ್ಡಿಂಗ್ ಇದೆ, ಅದೇ ಕೊನೆಯದು. ಗುರುವಾರ ಅಮಾವಾಸ್ಯೆ ಎಂದು ತಗಾದೆ ತೆಗೆಯಬೇಡ. ಶನಿವಾರ ಆ ಹವಾಯಿಯವರು ವಿಮಾನ ಹತ್ತುತ್ತಾರೆ.

ಯಾವ ಹವಾಯಿಯವರು ಎಂದರೆ, ಮೊದಲಿನಿಂದ ಹೇಳಬೇಕು. ಸಮನ್ವಿತಾ ಎಂಬ ಹುಡುಗಿಯೊಬ್ಬಳಿದ್ದಾಳೆ. ಹುಡುಗಿ ಎಂದರೂ ಮೂವತ್ತೈದು ದಾಟಿದೆ. ಸಾರಕ್ಕಿ ಸಿಗ್ನಲ್ಲಿನಿಂದ ಒಳಗೆ ಹೋದರೆ ಜೆ.ಪಿ. ನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ ಅವಳ ಸ್ಟುಡಿಯೋ. ಮಕ್ಕಳಿಗಾಗಿ ಮಾಡುತ್ತಿರುವ ಒಂದು ಆನಿಮೇಷನ್ ಚಿತ್ರಕ್ಕೆ ಅವಳದೇ ಸಂಗೀತ. ಕಥೆ ಏನಪ್ಪಾ ಅಂದರೆ, ನಮ್ಮ ಕರಾವಳಿಯ ಒಂದು ತೆಂಗಿನಕಾಯಿ ಮರದಿಂದ ಸಮುದ್ರಕ್ಕೆ ಬಿದ್ದು, ತೇಲುತ್ತಾ ತೇಲುತ್ತಾ ಹವಾಯಿ ತಲುಪಿ ಅಲ್ಲಿ ಮೊಳಕೆ ಒಡೆಯುತ್ತದೆ. ಕಾಯಿಗೆ ಜುಟ್ಟೂ ಇದೆ, ಕಣ್ಣೂ ಇದೆ, ಹಾಗಾಗಿ ಮುಖ ಬರೆಯುವ ಕೆಲಸ ಉಳಿಯಿತು ಎಂದು ಅವರ ಕಡೆಯ ಚಿತ್ರಗಾರರು ತಮಾಷೆ ಮಾಡುತ್ತಾರೆ. ಆದರೆ ಕಾಯಿಗೆ ಮಾತಿಲ್ಲ. ಅದಕ್ಕೆ ಹೆದರಿಕೆಯಾದರೆ, ಮನೆ ನೆನಪಾದರೆ, ದಡ ಕಂಡರೆ, ಎಲ್ಲವನ್ನೂ ಗಿಟಾರೇ ಹೇಳಬೇಕು. ಅದಕ್ಕಾಗಿ ಹವಾಯಿಯಿಂದಲೇ ಇಬ್ಬರನ್ನು ಕರೆಸಿದ್ದಾಳೆ. ಕೆಯೋನಿ ಎಂದು ಎಪ್ಪತ್ತೆಂಟು ವರ್ಷದ ಹಿರಿಯರು, ಜೊತೆಗೆ ಅವರ ಮೊಮ್ಮಗಳು ಮಾಲಿಯಾ. ನುಡಿಸುವುದು ಸ್ಲ್ಯಾಕ್ ಕೀ, ಅಂದರೆ ಅಪ್ಪ ನಮಗೆ ಕಲಿಸಿದ ಹಾಗೆ ತಂತಿ ಸಡಿಲಿಸಿಕೊಂಡು ಬೆರಳಿನಲ್ಲಿ. ನಾನು ಹವಾಯಿ ಗಿಟಾರ್ ಎಂದ ಕೂಡಲೇ ಇಲ್ಲಿ ಎಲ್ಲರೂ ತೊಡೆಯ ಮೇಲೆ ಮಲಗಿಸಿ ಉಕ್ಕಿನ ಕಡ್ಡಿ ಉಜ್ಜುವುದನ್ನೇ ನೆನೆಸಿಕೊಳ್ಳುತ್ತಾರೆ. ಐವತ್ತು ವರ್ಷದಿಂದ ಅದಲ್ಲ, ಅದಲ್ಲ ಎಂದು ಹೇಳಿ ನನ್ನ ಬಾಯಿ ಸವೆದಿದೆ. ಯಾರೋ ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದ, ನಾವಿಬ್ಬರೂ ಗಣೇಶನ ಹಬ್ಬಕ್ಕೆ ನುಡಿಸಿದ ಕಾರ್ಯಕ್ರಮವನ್ನು ನೋಡಿ ಸಮನ್ವಿತಾ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ಮೊದಲ ದಿನ ಅವರಿಬ್ಬರನ್ನೂ ಮನೆಗೆ ಊಟಕ್ಕೆ ಕರೆದಿದ್ದೆ. ಮಾಲಿಯಾ ಹೇಳಿಸಿಕೊಳ್ಳದೆಯೇ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಳು. ಅವರ ಊರಿನಲ್ಲೂ ಹಾಗೆಯೇ ಅಂತೆ. ಕೆಯೋನಿ ಮೂರು ಸಲ ಅನ್ನ ಹಾಕಿಸಿಕೊಂಡರು, ವನಿತಾಗೆ ಅಷ್ಟು ಸಾಕಾಯಿತು, ಆವತ್ತಿನಿಂದ ಅವರು ದೇವರು. ನಿಮಗೆ ಈ ವಿದ್ಯೆ ಹೇಗೆ ಬಂತು ಎಂದು ಕೇಳಿದರು. ಅಪ್ಪ ಸರಕು ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದದ್ದು, ಹಡಗು ಕೆಟ್ಟು ಹೊನೊಲುಲುವಿನಲ್ಲಿ ಎರಡು ತಿಂಗಳು ನಿಂತದ್ದು, ಅಲ್ಲಿಯ ಬಂದರಿನ ಕೆಲಸಗಾರನೊಬ್ಬ ಅಪ್ಪನಿಗೆ ತನ್ನ ಮನೆಯ ಶ್ರುತಿಯನ್ನು ಕೊಟ್ಟದ್ದು, ಎಲ್ಲವನ್ನೂ ಹೇಳಿದೆ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಕೊಡಿ, ನುಡಿಸಿ ಮುಗಿದ ಮೇಲೆ ತಂತಿ ಸಡಿಲಿಸಿಬಿಡಿ, ಹೊರಗಿನವರ ಕೈಗೆ ಸಿಗಬಾರದು ಎಂದು ಅವನು ಮಾತು ತೆಗೆದುಕೊಂಡಿದ್ದನಲ್ಲ, ಅದನ್ನೂ ಹೇಳಿದೆ. ಅಪ್ಪ ಅದನ್ನು ನಿನಗೆ ಕೊಟ್ಟರು. ನನ್ನ ಗಿಟಾರನ್ನೂ ನೀನೇ ಶ್ರುತಿ ಮಾಡಿ ಕೊಡುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಅಲ್ಲಿರುವಂತಿಲ್ಲ. "ಹೋಗು ಸೇತು, ತುಳಸಿಗೆ ನೀರು ಹಾಕಿ ಬಾ" ಎಂದು ಹೊರಗಟ್ಟುತ್ತಿದ್ದೆ. ನನಗೆ ಅರವತ್ತಾದ ಮೇಲೂ ಹಾಗೇ ಅಟ್ಟಿದ್ದೀಯ. ಕೆಯೋನಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮನೆಯಲ್ಲೂ ಇದೇ ಪದ್ಧತಿ, ಅವರ ಅಣ್ಣಂದಿರನ್ನು ಹಂದಿಗೆ ಮೇವು ಹಾಕಲು ಕಳಿಸುತ್ತಿದ್ದರಂತೆ. ನನ್ನ ಕೆಲಸ ಎಷ್ಟೋ ವಾಸಿ ಎಂದುಕೊಂಡೆ. ಒಂದು ಸಲ ಕಿಟಕಿಯಲ್ಲಿ ಇಣುಕಿ ನೋಡಿದ್ದೇನೆ, ಈಗ ಒಪ್ಪಿಕೊಳ್ಳುತ್ತೇನೆ. ನೀನು ಗಲ್ಲವನ್ನು ಗಿಟಾರಿನ ಮರಕ್ಕೆ ಊರಿ, ಕಣ್ಣು ಮುಚ್ಚಿ ಬಿರಡೆ ತಿರುಗಿಸುತ್ತಿದ್ದೆ. ಹಲ್ಲಿನಲ್ಲಿ ಕೇಳಿಸಿಕೊಳ್ಳುತ್ತಾಳೇನೋ ಅನ್ನಿಸಿತ್ತು.

ಈಗ ಆ ಗಣೇಶನ ಕಾರ್ಯಕ್ರಮದ ಮಾತಿಗೆ ಬರಬೇಕು. ಏಳು ವರ್ಷದಿಂದ ನಾವಿಬ್ಬರೂ ಅದನ್ನು ಎತ್ತಿಲ್ಲ. ಆಗ ನಿನಗೆ ಕಿವಿ ಮಂದವಾಗುತ್ತಾ ಬಂದಿತ್ತು, ಅದು ಸುಳ್ಳಲ್ಲ. ಕುಕ್ಕರ್ ಕೂಗಿದರೂ ನಿನಗೆ ತಿಳಿಯುತ್ತಿರಲಿಲ್ಲ. ನಾನು ಆನ್‌ಲೈನಿನಲ್ಲಿ ಒಂದು ಟ್ಯೂನರ್ ತರಿಸಿದ್ದೆ, ಗಿಟಾರಿನ ತಲೆಗೆ ಸಿಕ್ಕಿಸಿದರೆ ಶ್ರುತಿ ಸರಿಯಿದ್ದಾಗ ಹಸಿರು ದೀಪ, ತಪ್ಪಿದ್ದಾಗ ಕೆಂಪು. ನೀನು ಒಬ್ಬಳೇ ನುಡಿಸಿ ಮುಗಿಸಿದ ಮೇಲೆ, ನಾನು ಜೊತೆಗೂಡುವ ಮೊದಲು ನನ್ನ ಗಿಟಾರಿಗೆ ಅದನ್ನು ಸಿಕ್ಕಿಸಿದೆ. ಮೂರನೇ ತಂತಿಗೆ ಕೆಂಪು ದೀಪ ಬಂತು. ನಿನ್ನದಕ್ಕೂ ಸಿಕ್ಕಿಸಿದೆ, ಅಲ್ಲೂ ಕೆಂಪು. ಶ್ರುತಿ ಇಳಿದಿದೆ, ಅಕ್ಕನಿಗೆ ಗೊತ್ತಾಗಿಲ್ಲ, ಜನರೆದುರು ಅವಮಾನವಾಗಬಾರದು ಎಂದು ಎರಡರಲ್ಲೂ ಬಿರಡೆ ಏರಿಸಿ ಹಸಿರಿಗೆ ತಂದೆ. ಮೈಕಿನಲ್ಲಿ ಏನೋ ಒಂದು ಮಾತನ್ನೂ ಆಡಿದೆ. ನಿನ್ನ ಮುಖ ಸಣ್ಣದಾಯಿತು, ಆದರೂ ಕೊನೆಯವರೆಗೂ ನುಡಿಸಿದೆ. ಮನೆಗೆ ಬಂದು ಆರೂ ತಂತಿ ಸಡಿಲಿಸಿ ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ. ದಸರಾಕ್ಕೆ ಮಗಳ ಮನೆಗೆ ಹೋದವಳು ಅಲ್ಲಿಯೇ ಉಳಿದೆ. ನಾನು ಮಾಡಿದ್ದು ನಿನ್ನ ಮರ್ಯಾದೆ ಉಳಿಸಲಿಕ್ಕೇ ಎಂದು ಏಳು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆವತ್ತು ಆ ಟ್ಯೂನರ್ ತೋರಿಸಿದ ಆರು ಸ್ವರಗಳನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಅಪ್ಪ ನನಗೆ ಕೊಡದೆ ಇದ್ದದ್ದನ್ನು ಹೀಗೆ ದಕ್ಕಿಸಿಕೊಂಡೆ. ಈ ಏಳು ವರ್ಷ ನಾನು ನುಡಿಸಿದ್ದು ಆ ಡೈರಿಯ ಶ್ರುತಿಯಲ್ಲೇ.

ಹೋದ ಶುಕ್ರವಾರ ನನ್ನ ಮೊದಲ ರೆಕಾರ್ಡಿಂಗ್. ಕಾಯಿ ದಡ ಸೇರುವ ದೃಶ್ಯಕ್ಕೆ ಎರಡು ಗಿಟಾರು, ಒಂದು ಕೆಯೋನಿಯದು, ಒಂದು ನನ್ನದು. ಗಾಜಿನ ಆಚೆ ಸಮನ್ವಿತಾ ಹೆಬ್ಬೆರಳು ಎತ್ತಿದಳು, ಶುರು ಮಾಡಿದೆವು. ನಾಲ್ಕು ತಾಳ ಹೋಗುವಷ್ಟರಲ್ಲಿ ಅವರು ನಿಲ್ಲಿಸಿಬಿಟ್ಟರು. ಮತ್ತೆ ಶುರು, ಮತ್ತೆ ಅಲ್ಲೇ ನಿಂತಿತು. ಎ.ಸಿ. ಆರಿಸಿದರು, ಕುರ್ಚಿ ಬದಲಾಯಿಸಿದರು, ಮಾಲಿಯಾ ನನ್ನ ತಂತಿಗಳನ್ನೇ ಬದಲಾಯಿಸಿ ಕೊಟ್ಟಳು. ನಾಲ್ಕನೇ ಸಲ ಕೆಯೋನಿ ಎದ್ದು ಬಂದು ನನ್ನ ತಂತಿಗಳ ಮೇಲೆ ಅಂಗೈ ಇಟ್ಟರು. ಇದು ನಿಮ್ಮ ತಂದೆಗೆ ನಮ್ಮವರು ಕೊಟ್ಟ ಶ್ರುತಿ ಅಲ್ಲ, ಅಂಗಡಿಯ ಶ್ರುತಿ ಎಂದರು. ನನಗೆ ಮೈ ಉರಿದುಹೋಯಿತು ಅಕ್ಕಾ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನಿಗೆ ಕಿವಿ ಕೊಟ್ಟು, ಬನಶಂಕರಿಯಿಂದ ತಿಲಕ್ ನಗರದವರೆಗೆ ಯಾವ ಕಂಬದಲ್ಲಿ ದೋಷವಿದೆ ಎಂದು ಕೂತಲ್ಲೇ ಹೇಳುತ್ತಿದ್ದವನು ನಾನು. ಟ್ಯೂನರ್ ಸಿಕ್ಕಿಸಿ ಆರು ತಂತಿಗೂ ಹಸಿರು ದೀಪ ತೋರಿಸಿದೆ. ಅವರು ನೋಡಿದರು. ಈ ದೀಪಕ್ಕೆ ಯಾರು ಕಲಿಸಿದ್ದು ಎಂದು ಸಮಾಧಾನವಾಗಿಯೇ ಕೇಳಿದರು. ನಾನು ಟ್ಯೂನರ್ ತೆಗೆದು ಜೇಬಿಗೆ ಹಾಕಿಕೊಂಡೆ.

ಸಮನ್ವಿತಾ ಒಳ್ಳೆಯವಳು, ಹೊರಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟಳು. "ಟೆನ್ಷನ್ ತಗೋಬೇಡಿ ಅಂಕಲ್, ಗುರುವಾರ ಇನ್ನೊಂದು ಸಲ ಟ್ರೈ ಮಾಡೋಣ. ಆಗ್ಲಿಲ್ಲ ಅಂದ್ರೆ ಸೆಕೆಂಡ್ ಗಿಟಾರ್‌ನ ಕಂಪ್ಯೂಟರಲ್ಲೇ ಮಾಡ್ಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಳು. ಸಮಾಧಾನ ಹೇಳುವುದಕ್ಕೇ ಹೇಳಿದ್ದು, ನಾನು ಮಾತ್ರ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದೇ ನನ್ನ ಭಯ. ಅಪ್ಪ ಹಡಗಿನಿಂದ ತಂದದ್ದು ಒಂದೇ ಆಸ್ತಿ. ಅದು ನನ್ನ ಹತ್ತಿರ ಇಲ್ಲ ಎಂದು ಶುಕ್ರವಾರ ತಿಳಿಯಿತು. ಸುರಭಿಗೆ ನೀನು ಕೊಟ್ಟಿಲ್ಲ. ಈಗ ಅದು ಇರುವುದು ನಿನ್ನೊಬ್ಬಳಲ್ಲಿ, ನೀನು ಗಿಟಾರು ಮುಟ್ಟಿ ಏಳು ವರ್ಷವಾಯಿತು. ಕೆಯೋನಿ ನಿನ್ನನ್ನೇ ಕೇಳುತ್ತಿದ್ದಾರೆ. ನಿಮ್ಮ ಅಕ್ಕ ಶ್ರುತಿ ಮಾಡಿದರೆ ನಾನು ನುಡಿಸುತ್ತೇನೆ, ಇಲ್ಲದಿದ್ದರೆ ಆ ದೃಶ್ಯಕ್ಕೆ ನನ್ನ ಗಿಟಾರು ಒಂದೇ ಸಾಕು ಎಂದುಬಿಟ್ಟಿದ್ದಾರೆ. ಆದ್ದರಿಂದ ನಿನ್ನನ್ನು ಕೇಳಿಕೊಳ್ಳುವುದು ಇಷ್ಟೇ. ಗಿಟಾರಿಗೆ ಶ್ರುತಿ ಕೂಡಿಸಿ, ಪೆಟ್ಟಿಗೆಗೆ ಬೀಗ ಹಾಕಿ ಕಳಿಸು. ಬೀಗದ ಕೈಯನ್ನು ನೀನೇ ಇಟ್ಟುಕೊಂಡರೂ ಸರಿ, ಇಲ್ಲಿ ಇನ್ನೊಂದಿದೆ.

ಕಡಲೇಕಾಯಿ ಪರಿಷೆ ಇವತ್ತೇ. ಬಸವನಗುಡಿಗೆ ಹೋಗಿ ನಿನಗೆಂದು ಎರಡು ಸೇರು ತಂದೆ, ಹಸಿಯದು ಒಂದು, ಹುರಿದದ್ದು ಒಂದು. ಹುರಿದದ್ದನ್ನು ಹೆಚ್ಚು ತಿನ್ನಬೇಡ, ನಿನಗೆ ಪಿತ್ತ. ಸುರಭಿಗೂ ಅಳಿಯಂದಿರಿಗೂ ನನ್ನ ನೆನಪು ತಿಳಿಸು. ವನಿತಾ ನಿನಗೆ ನಮಸ್ಕಾರ ಹೇಳಿದ್ದಾಳೆ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ನಾನು ಅದಕ್ಕೆ ತಕ್ಕವನಾಗಿಲ್ಲದಿದ್ದರೂ.

ನಿನ್ನ ತಮ್ಮ,
ಸೇತುರಾಮ

ಮರೆತ ಮಾತು: ಬುಧವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಮಹಾಂತೇಶ ಹೊರಗೆ ಕಾರು ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ. ವನಿತಾ ಕಾಗದ ಓದಿ, "ಇದ್ರಲ್ಲಿ ಎಲ್ಲಾ ಇದೆ ರೀ, ಹೇಳ್ಬೇಕಾಗಿರೋದು ಮಾತ್ರ ಇಲ್ಲ" ಎಂದು ಕೈಗೆ ಪೆನ್ನು ಕೊಟ್ಟಳು. ಮರೆತದ್ದಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಹೋದ ಶನಿವಾರ ಕೆಯೋನಿ ಆ ಗಣೇಶನ ಕಾರ್ಯಕ್ರಮದ ವಿಡಿಯೋ ಹಾಕಿಸಿ ನೋಡಿದರು. ಮೊದಲ ಮೂರು ನಿಮಿಷ ನೀನೊಬ್ಬಳೇ ನುಡಿಸಿದ್ದೀಯ. ಎರಡು ಸಲ ಹಾಕಿಸಿ ಕೇಳಿದರು, ಕಣ್ಣು ಒರೆಸಿಕೊಂಡರು. ಅವರ ಅಜ್ಜಿಯ ಮೂರನೇ ತಂತಿ ಹೀಗೆಯೇ ಇತ್ತಂತೆ, ಬೇಕೆಂದೇ ಎಳ್ಳಿನಷ್ಟು ಇಳಿಸಿದ್ದು, ಪಕ್ಕದ ತಂತಿಗೆ ಅದು ಒರಗಿಕೊಳ್ಳಬೇಕಂತೆ. ಅಪ್ಪ ನಿನಗೆ ಕೊಟ್ಟದ್ದು ಆ ಎಳ್ಳಿನಷ್ಟನ್ನೇ. ವಿಡಿಯೋ ಅಲ್ಲಿಗೆ ನಿಲ್ಲಲಿಲ್ಲ. ನಾನು ಮೈಕು ಹಿಡಿದದ್ದೂ ಬಂತು. ಇವರು ಏನು ಹೇಳುತ್ತಿದ್ದಾರೆ ಎಂದು ಮಾಲಿಯಾ ಕೇಳಿದಳು. ಸಮನ್ವಿತಾ ನನ್ನ ಮುಖ ನೋಡಿದಳು. ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. "ನಮ್ಮ ಅಕ್ಕನಿಗೆ ಈಗ ಕಿವಿ ಹೋಗಿದೆ, ಶ್ರುತಿ ಗೊತ್ತಾಗಲ್ಲ, ದಯವಿಟ್ಟು ಕ್ಷಮಿಸಿ." ನಾನು ಹಾಗೆ ಹೇಳಿದಾಗ ಜನ ನಕ್ಕದ್ದೂ ಅದರಲ್ಲಿದೆ. ಕೆಯೋನಿ ನನಗೆ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಕ್ಕಾ, ಆವತ್ತು ನಿನ್ನ ಶ್ರುತಿ ಸರಿಯಾಗಿತ್ತು. ಇನ್ನೂ ಒಂದು ಹೇಳಿಬಿಡುತ್ತೇನೆ. ನಲವತ್ತು ವರ್ಷ ಅದೇ ತಂತಿಯನ್ನು ಕೇಳಿದ್ದ ನನ್ನ ಕಿವಿಗೆ ಆವತ್ತೂ ಅದು ತಪ್ಪು ಅನ್ನಿಸಿರಲಿಲ್ಲ. ಕೆಂಪು ದೀಪ ನೋಡಿದ ಮೇಲೆ ಅನ್ನಿಸಿತು. ಹೋದದ್ದು ನನ್ನ ಕಿವಿ. ನಾನು ಜನರೆದುರು ನಿನ್ನ ಹೆಸರು ಹೇಳಿದೆ.

ಗಿಟಾರು ಕಳಿಸು ಎಂದದ್ದೆಲ್ಲ ನೆಪ. ಹೊಸ ತಂತಿ ಮದ್ದೂರು ದಾಟುವಷ್ಟರಲ್ಲಿ ಇಳಿದುಹೋಗುತ್ತದೆ, ಅದು ನಿನಗೂ ಗೊತ್ತು. ನೀನೇ ಬಾ. ಗುರುವಾರ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ, ನೀನು ಕೂತು ನುಡಿಸು. ಕೇಳಿಸದಿದ್ದರೂ ಪರವಾಗಿಲ್ಲ, ಮಂಡಿಗೆ ಮಂಡಿ ತಾಗಿಸಿ ಕೂರುತ್ತೇನೆ, ತಾಳ ಅಲ್ಲಿ ಸಿಗುತ್ತದೆ ಎಂದಿದ್ದಾರೆ ಕೆಯೋನಿ. ಬರಲು ಮನಸ್ಸಿಲ್ಲದಿದ್ದರೆ ಗಿಟಾರನ್ನು ಸಡಿಲವಾಗಿಯೇ ವಾಪಸ್ಸು ಕಳಿಸು, ನನಗೆ ಅರ್ಥವಾಗುತ್ತದೆ. ಸ್ಟುಡಿಯೋದಲ್ಲಿ ತುಳಸಿ ಇರಲಿಲ್ಲ. ನಿನ್ನೆ ನಮ್ಮ ಮನೆಯ ಕುಂಡವನ್ನೇ ಆಟೋದಲ್ಲಿ ಒಯ್ದು ಅವರ ಗೇಟಿನ ಒಳಗೆ ಇಟ್ಟು ಬಂದಿದ್ದೇನೆ, ಪಕ್ಕದಲ್ಲಿ ಒಂದು ಚೊಂಬು. ನೀನು ಗಿಟಾರು ಕೈಗೆ ತೆಗೆದುಕೊಂಡರೆ ಸಾಕು, ನೀನು ಹೇಳುವ ಮೊದಲೇ ನಾನು ಎದ್ದು ಹೊರಗೆ ಹೋಗುತ್ತೇನೆ. ಈ ಸಲ ಇಣುಕುವುದಿಲ್ಲ.